ಮೈಸೂರಿನ ಸ್ಕ್ರೂ, ತರೀಕೆರೆಯ ಮೇಸ್ತ್ರಿ

ಕಡೂರಿನ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ನಟ್ಟು ಬೋಲ್ಟಿಗೆ ಎರಡು ಬೆಲೆ. ಬಾಂಡ್ಲಿಗಟ್ಟಲೆ ತುಂಬಿಕೊಂಡು ಹೋಗುವವರಿಗೆ ಕೇಜಿ ಲೆಕ್ಕ. ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಎತ್ತಿ, ಕನ್ನಡಕ ಹಣೆಗೇರಿಸಿ ನೋಡಿ, ನಿಟ್ಟುಸಿರಿಟ್ಟು ಮತ್ತೆ ರಾಶಿಗೆ ಹಾಕುವ ನನ್ನಂಥವರಿಗೆ ಬಿಡಿ ಲೆಕ್ಕ. “ಜಾವಾದ್ದಾ ಅಣ್ಣಾ?” ಎಂದು ಅಂಗಡಿಯವನು ಕೇಳಿದನೆಂದರೆ ಬೆಲೆ ಏರಿತೆಂದೇ ತಿಳಿಯಬೇಕು. ಒಮ್ಮೆ “ಇಲ್ಲಪ್ಪ, ತೋಟದ ಪಂಪ್‌ಸೆಟ್ಟಿಗೆ” ಎಂದು ಸುಳ್ಳು ಹೇಳಿ ನೋಡಿದೆ. “ಪಂಪ್‌ಸೆಟ್ಟಿನವರು ಇಷ್ಟು ಪ್ರೀತಿಯಿಂದ ನೋಡಲ್ಲ, ಬಿಡಿ” ಅಂದ.

ಅಜ್ಜಂಪುರದ ಮನೆಯ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲಗಳ ಹಿಂದೆ, ಅಪ್ಪನ ಜಾವಾ 250 ನಿಂತಿತ್ತು. ಪಶುವೈದ್ಯ ಇಲಾಖೆಯಲ್ಲಿದ್ದ ಅಪ್ಪ ಅದರ ಮೇಲೆಯೇ ಅಮೃತಮಹಲ್ ಕಾವಲುಗಳನ್ನು ಸುತ್ತಿದವರು. ಟಿಪ್ಪುವಿನ ಫಿರಂಗಿ ಎಳೆದ ವಂಶದ ದನಗಳವು, ಅಪರಿಚಿತರನ್ನು ಕಂಡರೆ ಕೊಂಬು ತಗ್ಗಿಸುತ್ತವೆ. ಅವಕ್ಕೆ ಜಾವಾದ ಸದ್ದು ಒಗ್ಗಿಹೋಗಿದೆ, ಬೇರೆ ಗಾಡಿಯಲ್ಲಿ ಹೋದರೆ ಅಟ್ಟಿಸಿಕೊಂಡು ಬರುತ್ತವೆ ಎನ್ನುತ್ತಿದ್ದರು. ಬುಲೆಟ್ ಕೊಳ್ಳಲು ದುಡ್ಡಿಲ್ಲದ್ದಕ್ಕೆ ಇಷ್ಟು ಮರ್ಯಾದಸ್ಥ ಕಾರಣವನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗಿನಲ್ಲಿ. ನಮಗೆ ಅದು ಮೈಸೂರಿನ ಗಾಡಿ. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಅರವತ್ತರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಗಾಡಿ ಮಾಡತೊಡಗಿತು. 1973ರಿಂದ ಹೆಸರು ಯೆಜ್ದಿಯಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಇತ್ತ ಮೈಸೂರಿನಲ್ಲಿ ಜಾವಾ ಕಣ್ಣು ಬಿಡುತ್ತಿದ್ದ ಹೊತ್ತಿಗೆ, 1961ರಲ್ಲಿ, ಅತ್ತ ಜಿನೀವಾದಲ್ಲಿ ಜಾಗ್ವಾರ್ ಇ-ಟೈಪ್ ಎಂಬ ಸ್ಪೋರ್ಟ್ಸ್ ಕಾರು ಜನರ ಮುಂದೆ ಬಂತು. ಅದನ್ನು ಇಟ್ಟುಕೊಂಡ ಶೋಕಿಲಾಲರು ಎಂಜಿನ್ ಬಿಚ್ಚಿ ಜೋಡಿಸುವಾಗ ಬೋಲ್ಟಿನ ತಲೆಯ ಮೇಲಿನ ಅಚ್ಚು ಕೂಡ ಆ ಕಾಲದ್ದೇ ಆಗಬೇಕೆಂದು ಹಟ ಹಿಡಿಯುತ್ತಾರೆ. ಅವರ ಹೆಂಡಂದಿರು ಇಂಗ್ಲಿಷಿನಲ್ಲಿ ಬೈಯುತ್ತಾರೆ, ಅಷ್ಟೇ ವ್ಯತ್ಯಾಸ.

ಅಪ್ಪನ ಜಾವಾದ ಎಂಜಿನ್ ಬಿಚ್ಚಿದವರು ತರೀಕೆರೆಯ ಮೇಸ್ತ್ರಿ. ಮೈಮೇಲೆ ಬನಿಯನ್ನು, ಕಿವಿಯ ಮೇಲೆ ಬೀಡಿ. ಕವರಿನ ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಾ, “ಇವು ಬೇಡ ಸಾರ್, ಸ್ಟೇನ್‌ಲೆಸ್ ಸ್ಟೀಲಿಂದು ಅಲೆನ್ ಬೋಲ್ಟ್ ಹಾಕಿಬಿಡೋಣ. ನಿಮ್ಮ ಮೊಮ್ಮಗನ ಕಾಲಕ್ಕೂ ತುಕ್ಕು ಹಿಡಿಯಲ್ಲ” ಎಂದರು.

ನಾನು ಓದಿಕೊಂಡೇ ಹೋಗಿದ್ದೆ. ಕಂಪನಿ ಕೊಟ್ಟದ್ದು ತಲೆಯ ಮೇಲೆ ಒಂದೇ ಗೀರಿರುವ ಸಾದಾ ಸ್ಕ್ರೂ, ಸ್ವಲ್ಪ ಮೆದು. ಮಿತಿಮೀರಿ ತಿರುಗಿಸಿದರೆ ಗೀರು ಕಿತ್ತು ಸ್ಕ್ರೂ ಹಾಳಾಗುತ್ತದೆ, ಕೇಸು ಬಚಾವಾಗುತ್ತದೆ. ಅಲೆನ್ ಬೋಲ್ಟಿಗೆ ಕೀಲಿಯ ಹಿಡಿತ ಜಾಸ್ತಿ. ಕೈಯಲ್ಲಿ ಕಸುವಿರುವ ಹುಡುಗನೊಬ್ಬ ಬಿಗಿದನೆಂದರೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ಡೇ ಪುಡಿಪುಡಿಯಾಗಿ ಉದುರುತ್ತದೆ. ಮೇಲಾಗಿ, ಸ್ಟೇನ್‌ಲೆಸ್ ಸ್ಟೀಲು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವಲ್ಲಿ ನೀರು ಸೇರಿದರೆ ಸಣ್ಣಗೆ ಕರೆಂಟು ಹರಿಯುತ್ತದೆ. ಅದರಲ್ಲಿ ಸವೆಯುವುದು ಬಡಪಾಯಿ ಅಲ್ಯೂಮಿನಿಯಂ. ಕೆಮ್ಮಣ್ಣುಗುಂಡಿಯ ಬುಡದಲ್ಲಿರುವ ಊರಿನಲ್ಲಿ ನೀರಿಗೇನು ಬರವೇ?

ಮೇಸ್ತ್ರಿ ಬೀಡಿ ಹಚ್ಚಿ ಪೂರ್ತಿ ಕೇಳಿದರು. “ಸಾರ್ ಸೈನ್ಸ್ ಮೇಷ್ಟ್ರಾ?”

“ಅಲ್ಲ, ಬ್ಯಾಂಕಿನಲ್ಲಿದ್ದೆ.”

“ಹಂಗಾದ್ರೆ ಬಡ್ಡಿ ಲೆಕ್ಕ ಗೊತ್ತಿರುತ್ತೆ. ನಿಮ್ಮ ಸ್ಕ್ರೂ ಸಿಗೋವರೆಗೂ ಈ ಎಂಜಿನ್ ನನ್ನ ಶೆಡ್ಡಲ್ಲಿ ಕೂತಿರುತ್ತೆ.”

ಹಾಗೆಂದರೂ ಅವರು ಒಂದು ಹಳೇ ಲಗ್ನಪತ್ರಿಕೆ ತೆಗೆದು, ಅದರ ಬೆನ್ನ ಮೇಲೆ ಕವರಿನ ಆಕಾರ ಬರೆದು, ಯಾವ ತೂತಿನದು ಯಾವ ಸ್ಕ್ರೂ ಎಂದು ಒಂದೊಂದನ್ನೇ ಚುಚ್ಚಿಟ್ಟರು. ಒಂದೇ ಕವರಿನಲ್ಲಿ ಗಿಡ್ಡವೂ ಇರುತ್ತವೆ, ಉದ್ದವೂ ಇರುತ್ತವೆ. ಉದ್ದದ್ದನ್ನು ಗಿಡ್ಡದ ತೂತಿಗೆ ಹಾಕಿ ಬಿಗಿದರೆ ತುದಿ ತಳಕ್ಕೆ ಕುಟ್ಟಿ ಕೇಸು ಸೀಳಬಹುದು. ವಧೂವರರ ಹೆಸರಿನ ಸುತ್ತ ಕೆಲವು ತೂತು ಖಾಲಿ ಉಳಿದವು. ಅವನ್ನು ತುಂಬಲಿಕ್ಕೇ ನನ್ನ ಕಡೂರು ಯಾತ್ರೆ. ಬೆಂಗಳೂರಿನ ಜೆ.ಸಿ. ರಸ್ತೆಗೂ ಹೋಗಿ ಬಂದೆ. ಜುಲೈ ತಿಂಗಳ ಎರಡನೇ ಭಾನುವಾರ ಸೇರುವ ಜಾವಾ-ಯೆಜ್ದಿ ಭಕ್ತರ ನಡುವೆ ನಿಂತು, ಬೇರೆಯವರ ಗಾಡಿಯ ಸ್ಕ್ರೂಗಳನ್ನು ಪರಸ್ತ್ರೀಯರನ್ನು ನೋಡಬಾರದ ಹಾಗೆ ನೋಡಿದೆ.

ತೊಡಕು ಬಂದದ್ದು ಸೈಲೆನ್ಸರ್ ನಟ್ಟಿನಲ್ಲಿ. ಜಾವಾಕ್ಕೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಬೆಂಡು ಕೊಳವೆಯನ್ನು ಹಿಡಿದಿಡುವ ದಪ್ಪ ಉಂಗುರದಂಥ ನಟ್ಟನ್ನು ಬಿಚ್ಚಲು ಕೊಕ್ಕೆಯಂಥ ಸ್ಪ್ಯಾನರ್ ಬೇಕು. ಎಲ್ಲರ ಮನೆಯಲ್ಲೂ ಮೊದಲು ಕಳೆದುಹೋಗುವುದು ಆ ಸ್ಪ್ಯಾನರೇ. ಆಮೇಲೆ ಉಳಿ, ಸುತ್ತಿಗೆ. ಬಲಗಡೆಯ ನಟ್ಟಿನ ಅಂಚು ಏಟು ತಿಂದು ತಿಂದು ಹರಕಲಾಗಿತ್ತು. ಹೇಗೋ ಕಂಪನಿಯದೇ ಹೊಸ ನಟ್ಟು, ಎಣ್ಣೆ ಕಾಗದ ಸುತ್ತಿದ್ದು, ದುಬಾರಿ ಬೆಲೆಗೆ ತಂದೆ.

ಅಮ್ಮ ಹಳೆಯದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. “ಇದು ಶಿವನಿ ಹತ್ರ ಹೊಡೆದದ್ದು. ಎಮ್ಮೆ ಕರು ಹಾಕೋಕೆ ಕಷ್ಟಪಡ್ತಿದೆ ಅಂತ ರಾತ್ರಿ ಓಡಿದ್ರು ನಿಮ್ಮಪ್ಪ. ಕೊಳವೆ ಸಡಿಲ ಆಗಿ ಊರಿಗೇ ಕೇಳೋ ಹಂಗೆ ಗಡಗಡ. ಕಮ್ಮಾರನ್ನ ಎಬ್ಬಿಸಿ ಉಳಿ ಇಸ್ಕೊಂಡ್ರಂತೆ. ಅವನು ಬೈದದ್ದನ್ನ ಬೆಳಗಾಗೋವರೆಗೂ ಹೇಳಿದ್ರು.”

“ಎಮ್ಮೆ?”

“ಚೆನ್ನಾಗಿತ್ತು. ಕೋಣಗರು.”

ಕವರಿಗೆಲ್ಲ ಗೀರಿನ ಸ್ಕ್ರೂಗಳೇ ಕೂತವು. ಎಡಗಡೆ ಹೊಸ ನಟ್ಟು ಬಿತ್ತು, ಬಲಗಡೆ ಶಿವನಿಯ ನಟ್ಟೇ ಇರಲಿ ಎಂದೆ. ಮೇಸ್ತ್ರಿ ನನ್ನನ್ನು ದಿಟ್ಟಿಸಿ, “ಎಷ್ಟು ಸೈನ್ಸ್ ಹೇಳಿದ್ರಿ ಸಾರ್ ನೀವು” ಎಂದು ಉಳಿ ಹುಡುಕಲು ಎದ್ದರು.

ಗಾಡಿ ಟೆಂಪೋದಲ್ಲಿ ಅಜ್ಜಂಪುರಕ್ಕೆ ಬಂತು. ಮೊಳೆಯಂಥ ಕೀಲಿ ಚುಚ್ಚಿ, ಗೇರಿನ ಕಡ್ಡಿಯನ್ನೇ ಹಿಂದಕ್ಕೆ ಮಡಚಿ ಮೇಸ್ತ್ರಿ ಒದ್ದರು. ಹೊತ್ತಿಕೊಂಡಿತು. ಅಮ್ಮ ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತು ಕೇಳಿದಳು.

“ಸದ್ದು ಸರಿಯಾಗಿದೆ. ಹೊಗೆ ಸಾಲದು.”

“ಆಯಿಲ್ ಲೆಕ್ಕಕ್ಕೆ ಸರಿಯಾಗಿ ಬೆರೆಸಿದೀನಿ ಅಮ್ಮಾವ್ರೇ, ಹೊಗೆ ಬರಬಾರದು” ಎಂದರು ಮೇಸ್ತ್ರಿ.

“ಅವರದು ಬರ್ತಿತ್ತಪ್ಪ. ಬೀದಿ ತುದೀಲಿ ಹೊಗೆ ಕಂಡ್ರೆ ನಾನು ಅನ್ನಕ್ಕಿಡ್ತಿದ್ದೆ.”

ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತೆಗೆದು, ನನ್ನ ಮುಖ ನೋಡದೆ, ಇನ್ನೊಂದು ಅಳತೆ ಆಯಿಲ್ ಸುರಿದರು.