ಬಚ್ಚಲಿಗೆಂತಕ್ಕೆ ಹೂವು?

ನಮ್ಮ ಕಡೆ ಹೊಸ ಮನೆ ತೋರಿಸುವಾಗ ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ ಎಲ್ಲವನ್ನೂ ನಿಂತು ನಿಂತು ತೋರಿಸುತ್ತಾರೆ. ಬಚ್ಚಲು ಬಂದಾಗ ಮಾತ್ರ ‘ಇದು ಬಚ್ಚಲು’ ಎಂದು ಕೈ ತೋರಿಸಿ ಮುಂದೆ ಹೋಗುತ್ತಾರೆ. ಅಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ ಎಂಬುದು ಎಲ್ಲರಿಗೂ ಒಪ್ಪಿಗೆಯಾದ ವಿಷಯ.

ಸಾಗರದ ಹತ್ತಿರದ ನಮ್ಮ ಮನೆಯ ಬಚ್ಚಲೂ ಹಾಗೇ ಇತ್ತು. ಮೂಲೆಯಲ್ಲಿ ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆ ಉರಿಯುವ ಒಲೆ, ಹೊಗೆಗೆ ಕಪ್ಪಾದ ಗೋಡೆ, ನೆಲಕ್ಕೆ ಕಲ್ಲಿನ ಚಪ್ಪಡಿ. ಮಳೆಗಾಲ ಬಂತೆಂದರೆ ಚಪ್ಪಡಿಯ ಮೇಲೆ ಪಾಚಿ. ಹೋದ ವರ್ಷ ಅಜ್ಜಿ ಜಾರಿಬಿದ್ದು ಮೊಣಕೈ ಊದಿಸಿಕೊಂಡ ಮೇಲೆ ಚಪ್ಪಡಿ ತೆಗೆದು ಟೈಲ್ಸ್ ಹಾಕಿಸುವುದೆಂದು ತೀರ್ಮಾನವಾಯಿತು.

ಅಪ್ಪ ಬೂದು ಬಣ್ಣದ್ದು ಸಾಕೆಂದರು. ಅಮ್ಮ, “ನೀಲಿ ಹೂವಿಂದು ಬೇಕು” ಎಂದಳು.

“ಬಚ್ಚಲಿಗೆಂತಕ್ಕೆ ಹೂವು ಮಾರಾಯ್ತಿ? ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ.”

ಆಮೇಲೆ ಯೋಚಿಸಿದೆ. ಜಗಲಿ ಅಪ್ಪನದು ಮತ್ತು ಬಂದವರದು. ನಡುಮನೆ ಟೀವಿಯದು. ಅಡುಗೆಮನೆಗೆ ಬಾಗಿಲೇ ಇಲ್ಲ. ಇಡೀ ಮನೆಯಲ್ಲಿ ಅಮ್ಮ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬಚ್ಚಲಿನದೊಂದೇ. ಸಂಜೆ ತೋಟದಿಂದ ಬಂದವರ ಸ್ನಾನವೆಲ್ಲ ಮುಗಿದ ಮೇಲೆ ಅವಳ ಸರದಿ. ಆ ಹತ್ತು ನಿಮಿಷ ಅವಳನ್ನು ಯಾರೂ ಕರೆಯುವುದಿಲ್ಲ.

ಅಂಗಡಿಯಲ್ಲಿ ಅಮ್ಮ ಹುಡುಗನ ಹತ್ತಿರ ಒಂದು ಲೋಟ ನೀರು ಕೇಳಿದಳು. ಕುಡಿಯಲಿಕ್ಕೆಂದು ಅವನು ತಂದುಕೊಟ್ಟ. ಅವಳು ಅದನ್ನು ಟೈಲ್ಸಿನ ಮೇಲೆ ಸುರಿದು, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಉಜ್ಜಿ ನೋಡಿದಳು. ಕನ್ನಡಿಯಂತೆ ಹೊಳೆಯುವುವೆಲ್ಲ ಜಾರಿದವು. ಕೊನೆಗೆ ಕಾಲು ಹಿಡಿದು ನಿಂತದ್ದು ಮ್ಯಾಟ್ ಫಿನಿಶಿನ ಒಂದಡಿ ಚದರದ ಟೈಲ್ಸು. ನಾಲ್ಕು ಜೋಡಿಸಿದರೆ ಒಂದು ನೀಲಿ ಹೂವು. ಪೆಟ್ಟಿಗೆಯ ಮೇಲೆ ಮೊರ್ಬಿ, ಗುಜರಾತ್ ಎಂದಿತ್ತು. ಬಿಲ್ಲಿಗೆ ನನ್ನ ಫೆಲೋಶಿಪ್ಪಿನ ದುಡ್ಡು ಕೊಟ್ಟೆ. ಅಪ್ಪ ಮತ್ತೆ ಮಾತಾಡಲಿಲ್ಲ.

ಬಚ್ಚಲಿನ ನೆಲದಲ್ಲಿ ಕಷ್ಟದ ಕೆಲಸ ಹೂವಲ್ಲ, ವಾಟ. ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಎಲ್ಲ ಕಡೆಯಿಂದಲೂ ಜಾಲರಿಯತ್ತ ಇರಬೇಕು. ದೊಡ್ಡ ಟೈಲ್ಸು ಹಾಗೆ ನಾಲ್ಕು ಕಡೆಗೆ ಬಾಗುವುದಿಲ್ಲ, ಸಣ್ಣದೇ ಒಳ್ಳೆಯದು. ವಿಟ್ರಿಫೈಡ್ ಟೈಲ್ಸು ಹೀರುವ ನೀರು ಶೇಕಡಾ 0.5ಕ್ಕಿಂತ ಕಡಿಮೆ. ಬರೀ ಸಿಮೆಂಟಿನ ಹಾಲಿಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಮೇಸ್ತ್ರಿ ಅಂಟಿನ ಪುಡಿ ಕಲಸಿ, ಹಲ್ಲಿರುವ ಕರಣೆಯಿಂದ ಗೀರಿ ಹರಡಿದರು. ಒಂದೊಂದನ್ನೂ ಕೂರಿಸಿ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಟ್ಟರು. ಪೊಳ್ಳು ಸದ್ದು ಬಂದರೆ ಎಬ್ಬಿಸಿ ಮತ್ತೆ ಕೂರಿಸುವುದು.

ಅಂಟು ಕಲಸುವ ಮೊದಲೇ ಒಂದು ಚರ್ಚೆ ನಡೆದಿತ್ತು. ಅವರು ಟೈಲ್ಸನ್ನು ಸುಮ್ಮನೆ ನೆಲದ ಮೇಲೆ ಹರಡಿ, “ಇಡೀ ಹೂವು ಬಾಗಿಲಿಂದ ಶುರು ಮಾಡ್ತೀನಿ ಅಕ್ಕಾ, ನೋಡಿದವರಿಗೆ ಚಂದ. ತುಂಡು ಆ ಕಡೆ ಗೋಡೆಗೆ ಹೋಗ್ತದೆ” ಎಂದರು. ಎಲ್ಲ ಮನೆಯಲ್ಲೂ ಹಾಗೇ ಮಾಡುವುದಂತೆ. ಅಮ್ಮ ಸ್ನಾನದ ಮಣೆ ತಂದು ತಾನು ಕೂರುವ ಜಾಗದಲ್ಲಿಟ್ಟಳು. “ಇದರ ಮುಂದೆ ಇಡೀ ಹೂವು ಬರಲಿ. ತುಂಡು ಬಾಗಿಲಿಗೇ ಹೋಗಲಿ.”

ಮೇಸ್ತ್ರಿ ಅಪ್ಪನ ಮುಖ ನೋಡಿದರು. ಅಪ್ಪ ಅಂಗಳದ ಕಡೆ ನೋಡಿದರು. ಹೂವು ಮಣೆಯ ಮುಂದೆಯೇ ಬಂತು.

ಈಗ ಅಜ್ಜಿ ಗೋಡೆ ಹಿಡಿಯದೆ ಹೋಗುತ್ತಾರೆ. ಸುರಿದ ನೀರು ಎಲ್ಲೂ ನಿಲ್ಲದೆ ಜಾಲರಿ ಸೇರುತ್ತದೆ. ಅಮ್ಮನ ಸ್ನಾನ ಈಗಲೂ ಎಲ್ಲರದ್ದೂ ಆದ ಮೇಲೆಯೇ, ಹಂಡೆಯಲ್ಲಿ ಉಳಿದ ನೀರಿನಲ್ಲಿಯೇ. ಟೈಲ್ಸಿನಿಂದ ಅದು ಬದಲಾಗಲಿಲ್ಲ. ಆದರೆ ಹತ್ತು ನಿಮಿಷ ಸ್ವಲ್ಪ ಉದ್ದವಾಗಿದೆ. ಮೊನ್ನೆ ಅಪ್ಪ ಹೊರಗಿನಿಂದ, “ಇನ್ನೂ ಆಗ್ಲಿಲ್ವಾ?” ಎಂದು ಕೂಗಿದರು.

“ಇಲ್ಲ” ಎಂದಳು ಅಮ್ಮ, ಒಳಗಿನಿಂದ.