ಕೋಡ್ ಓದುವ ಕಣ್ಣುಗಳು

ನಂದಗಡದ ರಸ್ತೆಯಿರಲಿ, ಬೆಂಗಳೂರಿನ ಮೇಲ್ಸೇತುವೆಯಿರಲಿ, ಸರ್ಕಾರಿ ಟೆಂಡರ್‌ಗೆ ಗುತ್ತಿಗೆದಾರರು ಠೇವಣಿ ಕಟ್ಟುತ್ತಿದ್ದುದು ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ. 2019ರಲ್ಲಿ ಅದಕ್ಕೇ ಕನ್ನ ಬಿತ್ತು. 11 ಕೋಟಿ ರೂಪಾಯಿಗೂ ಹೆಚ್ಚು ಹಣ ಬೇರೆಯವರ ಖಾತೆಗಳ ಪಾಲಾಯಿತು.

ದೊಡ್ಡ ಕಂಪನಿಯೊಂದು ಪಟ್ಟುಹಿಡಿದು ಕೂತು ಹುಡುಕಿದರೆ ಕಳ್ಳರು ನುಸುಳುವ ಕೋಡಿನ ಬಿರುಕುಗಳೆಲ್ಲ ಸಿಕ್ಕಿಬಿಡುತ್ತವೆಯೇ?

ಮೈಕ್ರೋಸಾಫ್ಟ್ 2002ರಲ್ಲಿ ಹೊಸ ಕೆಲಸ ನಿಲ್ಲಿಸಿ, ಸಾವಿರಾರು ಎಂಜಿನಿಯರ್‌ಗಳಿಂದ ವಿಂಡೋಸ್ ಕೋಡನ್ನು ಮತ್ತೆ ಓದಿಸಿತು. ಎಷ್ಟೋ ದೋಷಗಳು ಸಿಕ್ಕವು. ಆದರೂ ಮರುವರ್ಷ ಬ್ಲಾಸ್ಟರ್ ಎಂಬ, ತಾನಾಗಿಯೇ ಹರಡುವ ಕುತಂತ್ರಾಂಶ ನುಗ್ಗಿದ ಕಿಂಡಿ, ಆ ತಪಾಸಣೆ ದಾಟಿ ಬಂದ ವಿಂಡೋಸ್ ಸರ್ವರ್ 2003ರಲ್ಲೂ ಉಳಿದಿತ್ತು. ಒಮ್ಮೆ ಓದಿದರೆ ಸಾಲದೆಂದು ಅರಿತ ಕಂಪನಿ, 2004ರಿಂದ ವಿನ್ಯಾಸದ ಹಂತದಿಂದಲೇ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿತು.

ಜನರ ದುಡ್ಡು ಹಿಡಿದಿಡುವ ನಮ್ಮ ಸರ್ಕಾರಿ ಪೋರ್ಟಲ್‌ಗಳಿಗೂ, ಕೋಡ್ ಬದಲಾದಾಗಲೆಲ್ಲ, ಅದೇ ಕಟ್ಟುಪಾಡು ಬೇಕು.