ಇಂಜಿನ್ ಸರಿ ಇತ್ತು

ನನ್ನ ಮೊದಲ ವಾಹನ ಬೈಕ್ ಅಲ್ಲ, ಮೀನು ಹೊತ್ತು ಹೊತ್ತು ಮುದಿಯಾಗಿದ್ದ ಒಂದು ಟಾಟಾ 407. ಕೊಂಡಾಗ ನನಗೆ ಹದಿನೇಳು. 2003ರ ಬೇಸಿಗೆ, ಪಿಯುಸಿ ಪರೀಕ್ಷೆ ಮುಗಿದಿತ್ತು. ಫಲಿತಾಂಶದ ಬಗ್ಗೆ ನನಗಾಗಲೀ ಮನೆಯವರಿಗಾಗಲೀ ದೊಡ್ಡ ಭರವಸೆ ಇರಲಿಲ್ಲ. ಗಾಡಿ ಸರಿ ಮಾಡಿ ಬಾಡಿಗೆಗೆ ಬಿಡುವುದು, ಹದಿನೆಂಟಾದ ಮರುದಿನ ಲೈಸೆನ್ಸ್ ಮಾಡಿಸಿ ನಾನೇ ಸ್ಟೇರಿಂಗ್ ಹಿಡಿಯುವುದು ನನ್ನ ಲೆಕ್ಕ. ಬಾಡಿಗೆ ಹೊಡೆಯುವ ಗಾಡಿ ಓಡಿಸಬೇಕಾದರೆ ಇಪ್ಪತ್ತು ತುಂಬಿರಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಅದು ನನಗೆ ತಿಳಿದಿರಲಿಲ್ಲ, ತಿಳಿದವರನ್ನು ಕೇಳುವ ವಿನಯವೂ ಇರಲಿಲ್ಲ.

ದುಡ್ಡು ಅಮ್ಮನದು. ಎರಡೆಳೆ ಸರ ಸೊಸೈಟಿಯಲ್ಲಿ ಅಡವಿಗೆ ಹೋಯಿತು. ಅದಕ್ಕಾಗಿ ನಾನು ಊಟ ಬಿಟ್ಟದ್ದು, ಮಾತು ಬಿಟ್ಟದ್ದು ಎಲ್ಲ ಇಲ್ಲಿ ಬರೆಯಲು ನಾಚಿಕೆ. ಅಪ್ಪಯ್ಯ ಬೇಡ ಎನ್ನಲಿಲ್ಲ, ಸೈ ಎನ್ನಲೂ ಇಲ್ಲ. ನಾಡದೋಣಿಯಲ್ಲಿ ದುಡಿದು ಬರುವ ಮನುಷ್ಯ. ಆರ್‌ಸಿಗೆ ಸಹಿ ಹಾಕುವಾಗ ಒಂದೇ ಮಾತು: "ಮೀನಿನ್ ಗಾಡಿ ಅಂಬ್ರ್, ಕಂಡ್ ತಕೋ." ಅದು ಎಚ್ಚರಿಕೆ ಎಂದು ನನಗೆ ಆಗ ಹೊಳೆಯಲಿಲ್ಲ.

407 ಯಾಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ನಮ್ಮ ಊರಿನ ರಸ್ತೆಯ ಮೇಲೆ ಆಗ ಅದೇ ರಾಜ. ಎಂಬತ್ತರ ದಶಕದಲ್ಲಿ ಜಪಾನಿನ ಕಂಪನಿಗಳ ಜೊತೆ ಸೇರಿ ಸ್ವರಾಜ್ ಮಜ್ದಾ, ಡಿಸಿಎಂ ಟೊಯೋಟಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ ಎಲ್ಲ ಒಟ್ಟಿಗೆ ಇಳಿದಾಗ, 1986ರಲ್ಲಿ ಟಾಟಾದವರು ತಾವೇ ರೂಪಿಸಿದ ಈ ಪುಟ್ಟ ಲಾರಿ ತಂದರು. ಅವುಗಳಲ್ಲಿ ಕೆಲವು ಹೆಸರು ಈಗ ಯಾರ ಬಾಯಲ್ಲೂ ಇಲ್ಲ. 407 ಮಾತ್ರ ಇಂದಿಗೂ ಗಂಗೊಳ್ಳಿ ಬಂದರಿನಲ್ಲಿ ಸಾಲಾಗಿ ನಿಂತಿರುತ್ತದೆ. ಅದರ ಹಳೆಯ ಡೀಸೆಲ್ ಇಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಮ್ಮೆ ಸ್ಟಾರ್ಟ್ ಆದರೆ ಬ್ಯಾಟರಿ ಕಳಚಿಟ್ಟರೂ ಓಡುತ್ತದೆ. ಹದಿನೇಳರ ಹುಡುಗನಿಗೆ ಇದಕ್ಕಿಂತ ದೊಡ್ಡ ಆಮಿಷ ಏನು ಬೇಕು! ಸ್ಪ್ಯಾನರ್ ಇದ್ದರೆ ಸಾಕು, ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ ಎಂಬ ಭ್ರಮೆ.

ಮಾರಿದವರು ಬಾನೆಟ್ ಎತ್ತಿ ಇಂಜಿನ್ ಸದ್ದು ಕೇಳಿಸಿದರು. ಬಿಳಿ ಹೊಗೆ ಬಂತು, ಕಷ್ಟಪಟ್ಟು ಹಿಡಿಯಿತು. ಅದನ್ನೇ ತೋರಿಸಿ ಬೆಲೆ ಇಳಿಸಿದೆ, ಗೆದ್ದೆ ಅಂದುಕೊಂಡೆ. ಗಾಡಿಯ ಅಡಿಗೆ ಬಗ್ಗಿ ನೋಡುವ ಯೋಚನೆಯೇ ಬರಲಿಲ್ಲ.

ಹೆಮ್ಮಾಡಿ ಕಡೆಯ ಒಂದು ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿದೆ. ಮೇಸ್ತ್ರಿ ಕೂಲಿ ಕಡಿಮೆ ಹಿಡಿದರು, ಬದಲಿಗೆ ನಾನು ಅವರ ಬೇರೆ ಗಾಡಿಗಳ ಗ್ರೀಸು ಕೆಲಸ ಮಾಡಬೇಕು. ಆ ದಿನಗಳು ನಿಜಕ್ಕೂ ಚೆನ್ನಾಗಿದ್ದವು, ಇದನ್ನು ಮುಚ್ಚಿಡುವುದಿಲ್ಲ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಅದು ಕಾದು ಕೆಂಡವಾಗುವ ಹೊತ್ತಿಗೆ ಸರಿಯಾಗಿ ನಾಸಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸಬೇಕು, ಅಷ್ಟೇ. ಮಂಜಾಗದೆ ಹನಿಯಾಗಿ ಬಿದ್ದರೆ ಪೂರ್ತಿ ಉರಿಯದೆ ಹೊಗೆಯಾಗಿ ಹೊರಬರುತ್ತದೆ. ನಮ್ಮ ಗಾಡಿಯ ಕಾಯಿಲೆ ಅದೇ. ನಾಸಲ್ ಬಿಚ್ಚಿ ಪರೀಕ್ಷೆಗೆ ಕೊಟ್ಟೆವು. ಪಂಪಿನ ಮೇಲೆ ಮೈಕೋ ಎಂಬ ಅಚ್ಚು ಇತ್ತು, 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯದು. ಆ ಪಂಪನ್ನು ಕುಂದಾಪುರಕ್ಕೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಪ್ಯಾಂಟಿಗೆ ಹತ್ತಿದ ಡೀಸೆಲ್ ವಾಸನೆಗೆ ಪಕ್ಕದವರು ಎದ್ದು ಬೇರೆ ಸೀಟು ಹಿಡಿದರು.

ಎಲ್ಲ ಜೋಡಿಸಿದ ಮೇಲೂ ಇಂಜಿನ್ ಹಿಡಿಯಲಿಲ್ಲ. ಪೈಪಿನಲ್ಲಿ ಗಾಳಿ ಸೇರಿತ್ತು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾದು ಮತ್ತೆ ಬಿಗಿ ಮಾಡಬೇಕು. ಅದನ್ನು ಮೇಸ್ತ್ರಿ ನನ್ನ ಕೈಯಲ್ಲೇ ಮಾಡಿಸಿದರು. ಇಂಜಿನ್ ಹಿಡಿದ ಕ್ಷಣ ನಾನು ಕೂಗಿದ್ದು ಹೆದ್ದಾರಿಗೆ ಕೇಳಿರಬೇಕು.

ಅದಾದ ಮೇಲೆ ಮೇಸ್ತ್ರಿ ಗುಂಡಿಗೆ ಇಳಿದರು. ಸುತ್ತಿಗೆಯಿಂದ ಚಾಸಿಯನ್ನು ಕುಟ್ಟುತ್ತಾ ಮುಂದಿನಿಂದ ಹಿಂದಕ್ಕೆ ಹೋದರು. ಠಣ್ ಠಣ್ ಎನ್ನುತ್ತಿದ್ದ ಸದ್ದು ಹಿಂದಿನ ಎಡ ಚಕ್ರದ ಹತ್ತಿರ, ಪ್ಲೇಟ್ ಸೆಟ್ಟಿನ ಬ್ರಾಕೆಟ್ ಕೂತ ಜಾಗದಲ್ಲಿ, ಡಬ್ ಎಂದಿತು. "ಮಾಣಿ, ಇಂಜಿನ್ ಕಂಡದ್ದ್ ಸಾಕ್. ಇಲ್ಲ್ ಬಾ, ಅಡಿ ಕಾಣ್." ತುಕ್ಕಿನ ಪದರ ಕೆರೆದಾಗ ತೂತು ಕಂಡಿತು. ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಈ ತುಂಡು ಕತ್ತರಿಸಿ ಹೊಸ ಚಾಸಿ ತುಂಡು ಸೇರಿಸಬೇಕು, ಇಲ್ಲವೇ ಬೇರೆ ಚಾಸಿ ಹುಡುಕಬೇಕು, ಮೇಲಿಂದ ಪಟ್ಟಿ ವೆಲ್ಡ್ ಮಾಡಿದರೆ ಪ್ರಯೋಜನವಿಲ್ಲ ಎಂದರು. ಹೇಳಿದ ಖರ್ಚು ಗಾಡಿಯ ಬೆಲೆಯ ಹತ್ತಿರ ಹತ್ತಿರ. ಸರದ ದುಡ್ಡು ಅಷ್ಟರಲ್ಲಿ ಮುಗಿದಿತ್ತು, ಉಳಿದದ್ದು ಬಣ್ಣಕ್ಕೆಂದು ತೆಗೆದಿಟ್ಟ ಸ್ವಲ್ಪ.

ಮರುವಾರ ಗಾಡಿಯನ್ನು ಮನೆಗೆ ತರಿಸಿದೆ. ತೂತಿಗೆ ಪುಟ್ಟಿ ತುಂಬಿದೆ, ಉಜ್ಜಿ ನಯ ಮಾಡಿದೆ, ಇಡೀ ಅಡಿಭಾಗಕ್ಕೆ ದಪ್ಪಗೆ ಕಪ್ಪು ಬಣ್ಣ ಬಳಿದೆ. ಮೇಲೆ ನೀಲಿ. ಮುಂದಿನ ಗಾಜಿನ ಮೇಲೆ 'ಶ್ರೀ ವರಾಹ ಪ್ರಸನ್ನ'. ಕರ್ಕಾಟಕ ಅಮಾವಾಸ್ಯೆಗೆ ಮಾರಸ್ವಾಮಿ ಜಾತ್ರೆಗೆ ಬಂದ ನೆಂಟರೆಲ್ಲ ನಮ್ಮ ಅಂಗಳಕ್ಕೂ ಬಂದು ಗಾಡಿ ನೋಡಿ ಹೋದರು. ಮಾಣಿ ಕೈಯಲ್ಲಿ ಕೆಲಸ ಇದೆ ಅಂದರು. ಅಮ್ಮನ ಮುಖ ನೋಡಬೇಕಿತ್ತು.

ಇಲ್ಲಿ ಒಂದು ವಿಚಾರ ಬಿಡಿಸಿ ಹೇಳಬೇಕು. ಮೀನಿನ ಗಾಡಿ ಎಂದರೆ ಮಂಜುಗಡ್ಡೆ, ಉಪ್ಪು, ಮೀನಿನ ನೀರು. ಅದು ಹಲಗೆಗಳ ಸಂದಿನಿಂದ ವರ್ಷಗಟ್ಟಲೆ ಚಾಸಿಯ ಮೇಲೆ ತೊಟ್ಟಿಕ್ಕುತ್ತದೆ. ಮರವಂತೆಯಲ್ಲಂತೂ ಹೆದ್ದಾರಿಯ ಪಡುವಕ್ಕೆ ಕಡಲು, ಮೂಡಕ್ಕೆ ಸೌಪರ್ಣಿಕೆ. ಪ್ರವಾಸಿಗರು ಫೋಟೋ ತೆಗೆಯುವ ಆ ಜಾಗದಲ್ಲಿ ಮಳೆಗಾಲದ ಅಲೆ ಬಂಡೆಗೆ ಬಡಿದು ರಸ್ತೆಗೇ ಸಿಡಿಯುತ್ತದೆ. ಗಾಳಿಯ ತೇವ ಶೇ. 75 ದಾಟಿತೆಂದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಉಪ್ಪು ಕೂತ ಕಬ್ಬಿಣ ನಮ್ಮ ಮಳೆಗಾಲದಲ್ಲಿ ಒಣಗುವುದೇ ಇಲ್ಲ ಎನ್ನಬಹುದು, ಮಳೆ ಹೊಡೆಯದ ದಿನವೂ ಅದರ ಮೈ ಹಸಿ. ಮೇಲಿಂದ ಬಣ್ಣ ಬಳಿದರೆ ಉಪ್ಪು ಒಳಗೆ ಸೆರೆಯಾಗಿ ಕೆಲಸ ಮುಂದುವರಿಸುತ್ತದೆ. ಹುಟ್ಟಿದ ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ರಿವೆಟ್ ಹೊಡೆದು ಕೂಡಿಸಿದ ತಗಡುಗಳ ನಡುವೆ ಉಬ್ಬಿ ಅವನ್ನೇ ಬೇರ್ಪಡಿಸುತ್ತದೆ.

ಇದಕ್ಕೆ ನಾನು ವಿಜ್ಞಾನ ಓದಬೇಕಾಗಿರಲಿಲ್ಲ. ಅಪ್ಪಯ್ಯ ಕಡಲಿಂದ ಬಂದವರೇ ದೋಣಿಯ ಔಟ್‌ಬೋರ್ಡ್ ಇಂಜಿನ್ನನ್ನು ಬಿಚ್ಚಿ ತಂದು, ಬಾವಿಯ ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಸ್ವಲ್ಪ ಹೊತ್ತು ಓಡಿಸುತ್ತಿದ್ದರು. ಎಷ್ಟೇ ಸುಸ್ತಾಗಿರಲಿ, ಅದು ಆದ ಮೇಲೆ ಊಟ. ಬಾವಿಯಿಂದ ನೀರು ಸೇದಿ ಕೊಡುವುದು ಚಿಕ್ಕಂದಿನಿಂದ ನನ್ನ ಕೆಲಸ. ಆ ಡ್ರಮ್ಮಿನಿಂದ ನನ್ನ ಗಾಡಿ ನಿಂತಿದ್ದ ಜಾಗಕ್ಕೆ ಹತ್ತು ಮಾರೂ ಇರಲಿಲ್ಲ.

ಗಾಡಿಯ ಎಫ್‌ಸಿಗೆ ಇನ್ನೂ ಕೆಲವು ತಿಂಗಳ ಅವಧಿ ಇತ್ತು. ಬ್ರೇಕ್ ಇನ್‌ಸ್ಪೆಕ್ಟರ ಕಣ್ಣಿಗೆ ಬೀಳುವ ಮೊದಲು ನಾಲ್ಕು ಕಾಸು ದುಡಿದು ಚಾಸಿ ಸರಿ ಮಾಡಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಓಡಿಸಲು ದೊಡ್ಡಪ್ಪನ ಮಗ ಒಪ್ಪಿದ. ಅಣ್ಣನಿಗೆ ಲೈಸೆನ್ಸ್ ಇತ್ತು, ಕೈ ಒಳ್ಳೆಯದು. ಚಾಸಿಯ ವಿಷಯ ಅವನಿಗೆ ಹೇಳಲಿಲ್ಲ. ಮರೆತು ಹೋಗಿತ್ತು ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಮರೆತಿರಲಿಲ್ಲ. ಹೇಳಿದರೆ ಅವನು ಹತ್ತುವುದಿಲ್ಲ ಎಂದು ಗೊತ್ತಿತ್ತು.

ಮೊದಮೊದಲು ತೆಂಗಿನಕಾಯಿ, ಹುಲ್ಲು, ಮದುವೆ ಮನೆಯ ಪಾತ್ರೆ. ಹಗುರ ಹೊರೆ, ಏನೂ ಆಗಲಿಲ್ಲ, ನನ್ನ ಧೈರ್ಯ ಬೆಳೆಯಿತು. ದೀಪಾವಳಿ ಕಳೆದ ಮೇಲೆ ನಾವುಂದದಲ್ಲಿ ಮನೆ ಕಟ್ಟುವವರೊಬ್ಬರಿಗೆ ಕೆಂಪುಕಲ್ಲು ಬೇಕಿತ್ತು. ಎರಡು ಟನ್ನಿನ ಗಾಡಿಗೆ ಅದಕ್ಕಿಂತ ಹೆಚ್ಚೇ ಹೇರಿದೆವು, ಎಲ್ಲರೂ ಹೇರುತ್ತಾರೆ ಎಂಬ ಧೈರ್ಯದಲ್ಲಿ. ತ್ರಾಸಿ ದಾಟಿ, ಕಡಲು ನದಿ ಎರಡೂ ಕಾಣುವ ಜಾಗಕ್ಕೆ ಬಂದಾಗ ಅಡಿಯಿಂದ ಬಂದೂಕು ಹೊಡೆದಂಥ ಸದ್ದು. ಎಡಗಡೆಯ ಬ್ರಾಕೆಟ್ ಚಾಸಿಯ ತಗಡನ್ನೇ ಹರಿದುಕೊಂಡು ಕಿತ್ತು ಬಂದಿತ್ತು. ಗಾಡಿ ಕಡಲಿನ ಕಡೆ ವಾಲಿತು, ಹಲಗೆ ಮುರಿದು ಕಲ್ಲುಗಳು ರಸ್ತೆಯ ಅಂಚಿಗೆ ಉರುಳಿದವು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ಆಗಷ್ಟೇ ಆ ಜಾಗ ದಾಟಿ ಹೋಗಿದ್ದರು. ತಿರುಗಿ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡರು, ನಮ್ಮನ್ನು ಬೈಯಲೂ ಇಲ್ಲ. ಅಣ್ಣ ಸ್ಟೇರಿಂಗ್ ಬಿಡದೆ ಹಿಡಿದದ್ದರಿಂದ ಗಾಡಿ ಎದುರಿನ ಬಸ್ಸಿನ ಕಡೆ ಹೋಗಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಇಂಜಿನ್ ಇನ್ನೂ ಓಡುತ್ತಲೇ ಇತ್ತು, ಒಂದು ಚೂರೂ ತಪ್ಪದೆ.

ಅಣ್ಣ ಅಡಿಗೆ ನುಸುಳಿ ಹರಿದ ಜಾಗವನ್ನು ಬೀಗದ ಕೈಯಿಂದ ಕೆರೆದ. ಕಪ್ಪು ಬಣ್ಣದ ಚಕ್ಕೆಯ ಹಿಂದೆ ಪುಟ್ಟಿ ಉದುರಿತು. ಹೊರಗೆ ಬಂದು ನನ್ನ ಮುಖ ನೋಡಿ, "ಇದ್ ನಿಂಗೆ ಗೊತ್ತಿತ್ತಾ?" ಎಂದ. ಇಲ್ಲ ಅಂದೆ. ಮಾರಿದವರು ಮೋಸ ಮಾಡಿದರು ಅಂದೆ. ಊರೆಲ್ಲ ಅದನ್ನೇ ನಂಬಿತು, ಆ ಮನುಷ್ಯನ ಹೆಸರು ನನ್ನ ಸುಳ್ಳಿನಿಂದ ಕೆಟ್ಟಿತು. ಗಾಡಿ ಮಾರುವಾಗ ಅವರು ಚಾಸಿ ಗಟ್ಟಿ ಇದೆ ಎಂದು ಎಲ್ಲಿಯೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಅಣ್ಣನಿಗೆ ನಿಜ ಹೇಳಿದ್ದು ಬಹಳ ವರ್ಷಗಳ ಮೇಲೆ, ಅವನ ಮಗ ಹಳೆ ಜೀಪು ಕೊಡಿಸಿ ಎಂದು ಹಠ ಹಿಡಿದು, ಅವನು ನನ್ನ ಸಲಹೆ ಕೇಳಲು ಬಂದಾಗ. ಬೈದ. ಸರಿಯಾಗಿಯೇ ಬೈದ. ಕಲ್ಲು ಹೇರಿದ ದಿನ ತನ್ನ ಹೆಂಡತಿ ಬಸುರಿ ಇದ್ದದ್ದನ್ನು ನೆನಪಿಸಿದ. ಆ ಮಗುವೇ ಈಗ ಜೀಪು ಕೇಳುತ್ತಿದ್ದವನು.

ಗಾಡಿಯನ್ನು ಗುಜರಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟೆವು. ಇಂಜಿನ್ ಮಾತ್ರ ಬೇರೆಯಾಗಿ ಒಳ್ಳೆಯ ಬೆಲೆಗೆ ಹೋಯಿತು. ಸರವನ್ನು ಬಂಗ್ಡೆ ಚೆನ್ನಾಗಿ ಸಿಕ್ಕ ಒಂದು ವರ್ಷ ಅಪ್ಪಯ್ಯ ಬಿಡಿಸಿ ತಂದರು, ಬಡ್ಡಿ ಸಮೇತ.

ಈಗಲೂ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಳೆ ಜೀಪು, ಪಿಕಪ್ ಕೊಂಡು ಸರಿ ಮಾಡುವ ಹುಡುಗರು ಇದ್ದಾರೆ, ನನ್ನ ಗ್ಯಾರೇಜಿಗೂ ಬರುತ್ತಾರೆ. ಅವರನ್ನು ತಡೆಯುವುದಿಲ್ಲ. ಕೊಳ್ಳುವ ಮೊದಲು ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಸುತ್ತಿಗೆ ಹಿಡಿದು ಚಾಸಿಯ ಉದ್ದಕ್ಕೂ ಕುಟ್ಟಿ, ಮುಖ್ಯವಾಗಿ ಪ್ಲೇಟ್ ಬ್ರಾಕೆಟ್ಟುಗಳ ಸುತ್ತ. ಅಡಿಯಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಕೆರೆಯಲು ಬಿಡಿ ಎಂದು ಕೇಳಿ, ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕೊಂಡ ಮೇಲೆ ವಾರಕ್ಕೊಮ್ಮೆ ಅಡಿಗೆ ಸಿಹಿನೀರು ಹೊಡೆಯಿರಿ. ಅಪ್ಪ ಅಮ್ಮಂದಿರು ಇದನ್ನೂ ತಿಳಿದಿರಲಿ: 2019ರ ತಿದ್ದುಪಡಿಯಂತೆ ಹದಿನೆಂಟು ತುಂಬದ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಮತ್ತೆ, ಚಾಸಿಯಲ್ಲಿ ತೂತು ಕಂಡವರು ಪುಟ್ಟಿ ಡಬ್ಬ ತೆರೆಯುವ ಮೊದಲು, ಆ ಗಾಡಿ ಯಾರು ಓಡಿಸುತ್ತಾರೋ ಅವರನ್ನು ಕರೆದು ತೋರಿಸಿ.